ಹಸ್ತಿತಾಪಸವಾದವೂ ಕೃಷಿ-ಗೋರಕ್ಷ್ಯಗಳಲ್ಲಿನ ಹಿಂಸಾವಿಚಾರವೂ

ಶ್ವೇತಾಂಬರ ಜೈನಾಗಮಗಳಲ್ಲಿ ಎರಡನೆಯ ಅಂಗವಾದ ಸೂತ್ರಕೃತಾಂಗದ ದ್ವಿತೀಯ ಶ್ರುತಸ್ಕಂಧದಲ್ಲಿ ಆರ್ದ್ರಕೀಯವೆಂಬ ಆರನೆಯ ಅಧ್ಯಯನವೊಂದುಂಟು. ವ್ಯಾಖ್ಯಾನಸಂಪ್ರದಾಯದ ಪ್ರಕಾರ ಆರ್ದ್ರಕನೆಂಬ ರಾಜಕುಮಾರನು ಮಹಾವೀರನ ಸನ್ನಿಧಿಗೆ ಹೋಗುತ್ತಿರಲು ಗೋಶಾಲನು, ಬೌದ್ಧರು, ಬ್ರಾಹ್ಮಣರು, ಏಕದಂಡಿಗಳು, ಹೀಗೆ ಒಬ್ಬರಾದ ಮೇಲೊಬ್ಬರು ಆತನನ್ನು ತಡೆದು ವಾದಕ್ಕೆ ನಿಲ್ಲುತ್ತಾರೆ. ಕಟ್ಟಕಡೆಗೆ ಬರುವವರು ಹಸ್ತಿತಾಪಸರು. ಇವರ ವಾದವು ಬಹು ಸಂಕ್ಷಿಪ್ತವಾದದ್ದು: ತಾವು ಸಂವತ್ಸರಕ್ಕೆ ಒಂದೇ ಒಂದು ಮಹಾಗಜವನ್ನು ಬಾಣದಿಂದ ಕೊಂದು ವರ್ಷವೆಲ್ಲ ಅದರಿಂದಲೇ ಜೀವಿಸುವೆವು, ಇತರ ಸಕಲ ಜೀವಿಗಳ ಮೇಲಣ ದಯೆಯಿಂದಲೇ ಹೀಗೆ ಮಾಡುವೆವು ಎಂಬುದು. ಕಂದಮೂಲಗಳನ್ನು ಕಿತ್ತು ತಿನ್ನುವವನಾಗಲಿ ಮನೆಮನೆಯ ಭಿಕ್ಷಾನ್ನವನ್ನುಣ್ಣುವವನಾಗಲಿ ಅಸಂಖ್ಯ ಕ್ಷುದ್ರಪ್ರಾಣಿಗಳ ನಾಶಕ್ಕೆ ಕಾರಣನಾಗುವನೆಂಬುದೂ, ಲೆಕ್ಕವಿಟ್ಟು ನೋಡಿದಲ್ಲಿ ತಮ್ಮ ಪಾಪವೇ ಎಲ್ಲರಿಗಿಂತ ಕಡಮೆಯೆಂಬುದೂ ಇವರ ಅಭಿಪ್ರಾಯ.

ಈ ತಾಪಸರು ಪ್ರತಿವಾದಿಗಳನ್ನು ಹಾಸ್ಯಮಾಡುವುದಕ್ಕಾಗಿ ಕಲ್ಪಿಸಿದ ಬೊಂಬೆಗಳೆಂದು ಊಹಿಸುವುದು ಸುಲಭ. ಆದರೆ ಔಪಪಾತಿಕಸೂತ್ರದಲ್ಲಿ ಗಂಗಾತೀರದ ವಾನಪ್ರಸ್ಥ ತಾಪಸರ ಪಟ್ಟಿಯೊಂದಿದೆ. ಅದರಲ್ಲಿ ಇವರ ಹೆಸರೂ ಬರುತ್ತದೆ. ಅಲ್ಲಿ ಹಾಸ್ಯಕ್ಕೆ ಎಡೆಯಿಲ್ಲ. ಆದುದರಿಂದ ಇಂತಹದೊಂದು ಪಂಥವು ನಿಜವಾಗಿ ಇದ್ದಿತೆಂದು ತಿಳಿಯುವುದೇ ಯುಕ್ತವಾಗಿ ತೋರುತ್ತದೆ. 1895ರಲ್ಲಿ ಹರ್ಮನ್ ಯಾಕೋಬಿ ಪಂಡಿತನ ಆಂಗ್ಲಾನುವಾದವು ಪ್ರಕಟವಾದಂದಿನಿಂದ ಈ ಅಧ್ಯಯನವು ಯೂರೋಪಿಯನರಿಗೂ ಪರಿಚಿತವೇ. ಹಾಗಿದ್ದರೂ ಇದೇ ವಾದವು ಕ್ರಿ. ಶ. 2003ರಲ್ಲಿ ಅಮೆರಿಕದೇಶದಲ್ಲಿ ಹೊಸದೆಂಬಂತೆ ಮತ್ತೆ ಹುಟ್ಟಿತು. ಆ ಪ್ರಸಂಗವನ್ನು ಮುಂದೆ ವಿವರಿಸಲಾಗುವುದು.

ಆರ್ದ್ರಕನ ಉತ್ತರವೂ ಸಂಕ್ಷಿಪ್ತವೇ. ವರ್ಷಕ್ಕೊಂದೇ ಪ್ರಾಣಿಯನ್ನು ಕೊಂದರೂ ಕೊಂದವನು ದೋಷದಿಂದ ಬಿಡುಗಡೆ ಹೊಂದಲಾರನು. ಉಳಿದವುಗಳನ್ನು ಕೊಲ್ಲಲಿಲ್ಲವೆಂಬ ಮಾತ್ರಕ್ಕೆ ನಿರ್ದೋಷಿಯೆನ್ನುವುದಾದರೆ ಗೃಹಸ್ಥನೂ ನಿರ್ದೋಷಿಯೇ ಆಗಬೇಕಾದೀತು. ಏಕೆಂದರೆ ಗೃಹಸ್ಥನೂ ತಾನು ಕೊಲ್ಲದ ಜೀವಿಗಳನ್ನು ಕೊಲ್ಲದೆಯೇ ಇದ್ದಾನಲ್ಲವೆ! ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆರ್ದ್ರಕನು ತಾಪಸರ ಲೆಕ್ಕವು ತಪ್ಪೆಂದು ಹೇಳುವುದಿಲ್ಲ. ಭಿಕ್ಷಾನ್ನದಲ್ಲಿ ಹಿಂಸೆಯಿಲ್ಲವೆಂದೂ ಸಾಧಿಸುವುದಿಲ್ಲ. ಲೆಕ್ಕ ಮಾಡುವ ಕ್ರಮವನ್ನೇ ಆತನು ಒಪ್ಪುವುದಿಲ್ಲ.

ವೈದಿಕಸಂಪ್ರದಾಯದಲ್ಲಿಯೂ ಈ ಚರ್ಚೆಯು ಕಡಮೆಯಿರಲಿಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ, ಮೋಕ್ಷಧರ್ಮದೊಳಗೆ, ತುಲಾಧಾರ-ಜಾಜಲಿ ಸಂವಾದವು ಬಂದಿದೆ. ತುಲಾಧಾರನು ವಾರಾಣಸಿಯ ವಣಿಜ. ಜಾಜಲಿಯು ತಲೆಯ ಜಟೆಯಲ್ಲಿ ಹಕ್ಕಿಗಳು ಗೂಡು ಕಟ್ಟುವ ವರೆಗೆ ನಿಶ್ಚಲನಾಗಿ ನಿಂತ ತಪಸ್ವಿ. ತಕ್ಕಡಿ ಹಿಡಿದ ಈ ಸೆಟ್ಟಿಯ ಬಾಯಿಂದ ತಪಸ್ವಿಯು ಧರ್ಮವನ್ನು ಕೇಳಬೇಕಾಯಿತು. ಎತ್ತುಗಳ ಬೀಜವನ್ನೊಡೆದು, ಮೂಗು ಚುಚ್ಚಿ, ಮಿತಿಮೀರಿದ ಭಾರವನ್ನು ಹೇರುವವರನ್ನು ತುಲಾಧಾರನು ಕಠಿನವಾಗಿ ನಿಂದಿಸುತ್ತಾನೆ. ಅಷ್ಟಕ್ಕೇ ನಿಲ್ಲದೆ, ಜನರು ಸಾಧುವೆಂದು ತಿಳಿದಿರುವ ಕೃಷಿಯನ್ನೂ ಬಿಡುವುದಿಲ್ಲ. ನೇಗಿಲ ಗುಳವು ಭೂಮಿಯನ್ನೂ ಭೂಮಿಯೊಳಗಿನ ಜೀವಿಗಳನ್ನೂ ನೋಯಿಸುವುದು, ಹೂಡಿದ ಎತ್ತುಗಳ ಪಾಡನ್ನೂ ನೋಡಬೇಕು ಎನ್ನುತ್ತಾನೆ. ಇದೇ ಅಭಿಪ್ರಾಯವು ಮನುಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿಯೂ ಕಂಡುಬರುತ್ತದೆ. ಅಲ್ಲಿ ಬ್ರಾಹ್ಮಣನಿಗೂ ಕ್ಷತ್ರಿಯನಿಗೂ ಆಪತ್ಕಾಲದಲ್ಲಿ ಸಹ ಕೃಷಿಯನ್ನು ವರ್ಜಿಸುವುದಕ್ಕೆ ಕಾರಣವಾಗಿ ಹೇಳಿರುವುದು ಇದನ್ನೇ.

ಜಾಜಲಿಯು ಕೇಳುವ ಮರುಪ್ರಶ್ನೆಯು ಇಂದಿಗೂ ಮೊನಚು ಕಳೆದುಕೊಂಡಿಲ್ಲ. ಅನ್ನವು ಕೃಷಿಯಿಂದಲೇ ಹುಟ್ಟುವುದು, ನೀನೂ ಅದರಿಂದಲೇ ಬದುಕಿರುವೆ. ಮನುಷ್ಯರು ಪಶುಗಳಿಂದಲೂ ಸಸ್ಯಗಳಿಂದಲೂ ಜೀವಿಸುತ್ತಿರಲು ಎರಡನ್ನೂ ನಿಂದಿಸಿದರೆ ಲೋಕವು ನಡೆಯುವುದೆಂತು? ನೀನು ನಾಸ್ತಿಕನಂತೆ ಮಾತನಾಡುತ್ತಿರುವೆ ಎನ್ನುತ್ತಾನೆ. ತುಲಾಧಾರನು ತಾನು ನಾಸ್ತಿಕನಲ್ಲವೆಂದು ಹೇಳಿ, ವೃತ್ತಿಯನ್ನು ಕುರಿತು ಹೇಳುವೆನೆಂದು ತೊಡಗಿ, ಯಜ್ಞವಿಚಾರಕ್ಕೆ ಹೊರಳಿಬಿಡುತ್ತಾನೆ. ಪೂರ್ವಕಾಲದಲ್ಲಿ ಭೂಮಿಯು ಉಳದೆಯೇ ಬೆಳೆಯನ್ನು ಕೊಡುತ್ತಿದ್ದಿತೆಂಬ ಮಾತೊಂದು ನಡುವೆ ಬರುತ್ತದೆ. ಆದರೆ ಈಗ ಉಳಬೇಕಾಗಿರುವ ಭೂಮಿಯ ಮಾತೇನು? ತಾನೇ ಉಳದೆ, ಉತ್ತವರು ತಂದ ಪದಾರ್ಥಗಳನ್ನು ಮಾರಿ ಜೀವಿಸುವ ವಣಿಜನಿಗೆ ಈ ಪ್ರಶ್ನೆಯನ್ನು ಬಿಟ್ಟುಬಿಡುವುದು ಸುಲಭವಾಯಿತೆಂದು ತೋರುತ್ತದೆ.

ವನಪರ್ವದ ಧರ್ಮವ್ಯಾಧನು ಹಾಗೆ ಬಿಡುವುದಿಲ್ಲ. ಮಿಥಿಲೆಯ ಮಾಂಸದಂಗಡಿಯಲ್ಲಿ ಕುಳಿತ ಈತನು, ಇತರರು ಕೊಂದ ಹಂದಿ ಕೋಣಗಳ ಮಾಂಸವನ್ನು ಮಾರುವವನಾದರೂ ತಾನು ತಿನ್ನುವವನಲ್ಲ. ಕೌಶಿಕನೆಂಬ ಬ್ರಾಹ್ಮಣನಿಗೆ ಈತನು ಮಾಡುವ ಉಪದೇಶವು ತುಲಾಧಾರನ ಮಾತಿಗೆ ಎದುರಿಟ್ಟ ಕನ್ನಡಿಯಂತಿದೆ. ಉಳುವವರು ನೆಲದೊಳಗಿನ ಬಹು ಪ್ರಾಣಿಗಳನ್ನು ಕೊಲ್ಲುತ್ತಾರೆ. ಬತ್ತವೇ ಮೊದಲಾದ ಬೀಜಗಳೂ ಜೀವಗಳೇ. ನಡೆಯುವವನ ಕಾಲಡಿಯಲ್ಲಿಯೂ ಜೀವಿಗಳು ಸಾಯುತ್ತವೆ. ಅಹಿಂಸೆಯಲ್ಲಿ ನಿರತರಾದ ಯತಿಗಳೂ ಹಿಂಸೆಯಿಂದ ಪೂರ್ಣವಾಗಿ ತಪ್ಪಿಸಿಕೊಳ್ಳಲಾರರು, ಆದರೆ ಯತ್ನದಿಂದ ಅದನ್ನು ಕಡಮೆ ಮಾಡಬಲ್ಲರು. ತುಲಾಧಾರನು ನೇಗಿಲಿನ ಹಿಂಸೆಯನ್ನು ತೋರಿಸಿ ಕೃಷಿಯನ್ನು ನಿಂದಿಸಿದನು. ವ್ಯಾಧನು ಅದೇ ಹಿಂಸೆಯನ್ನು ತೋರಿಸಿ ತನ್ನನ್ನು ನಿಂದಿಸುವವರ ಬಾಯಿ ಕಟ್ಟುತ್ತಾನೆ. ಸಾಕ್ಷ್ಯ ಒಂದೇ, ತೀರ್ಪು ಎರಡು. ಆದರೂ ವ್ಯಾಧನು ಹಸ್ತಿತಾಪಸನಲ್ಲ. ಹಿಂಸೆಯು ಎಲ್ಲೆಡೆಯೂ ಇರುವುದರಿಂದ ಮಾಂಸಭಕ್ಷಣವೇ ಲೇಸೆಂದು ಆತನು ಎಲ್ಲಿಯೂ ಹೇಳುವುದಿಲ್ಲ.

ಹಸ್ತಿತಾಪಸರ ವಾದವನ್ನು ಹೆಸರು ಹೇಳದೆ ಎತ್ತಿಕೊಂಡು ಖಂಡಿಸಿದವನು ದಿಗಂಬರಾಚಾರ್ಯನಾದ ಅಮೃತಚಂದ್ರಸೂರಿ. ಈತನ ಕಾಲವು ಕ್ರಿ. ಶ. ಹತ್ತನೆಯ ಶತಮಾನವೆಂದು ಸಾಮಾನ್ಯವಾಗಿ ಅಂಗೀಕೃತವಾಗಿದೆ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈತನು, ಬಹುಪ್ರಾಣಿಗಳ ಘಾತದಿಂದ ದೊರೆಯುವ ಆಹಾರಕ್ಕಿಂತ ಒಂದು ಪ್ರಾಣಿಯ ಘಾತದಿಂದ ದೊರೆಯುವುದು ಮೇಲೆಂದು ಆಲೋಚಿಸಿ ದೊಡ್ಡ ಪ್ರಾಣಿಯನ್ನು ಎಂದಿಗೂ ಹಿಂಸಿಸಕೂಡದೆಂದು ವಿಧಿಸುತ್ತಾನೆ. ದಿಗಂಬರರು ಈಗ ದೊರೆಯುವ ಸೂತ್ರಕೃತಾಂಗವನ್ನು ಪ್ರಮಾಣವೆಂದು ಒಪ್ಪುವವರಲ್ಲ. ಹಾಗಿದ್ದೂ ವಾದವು ಇವರ ಗ್ರಂಥದಲ್ಲಿ ಬಂದಿರುವುದನ್ನು ನೋಡಿದರೆ, ಅದು ಗ್ರಂಥದಿಂದ ಗ್ರಂಥಕ್ಕೆ ಇಳಿದುದಕ್ಕಿಂತ ಲೋಕದಲ್ಲಿ ಜನರ ಬಾಯಲ್ಲಿ ಉಳಿದುಬಂದದ್ದೆಂದು ಊಹಿಸಲು ಅವಕಾಶವಿದೆ. ಅಮೃತಚಂದ್ರನ ನಿಷೇಧಕ್ಕೆ ಆಧಾರವು ಜೈನರ ಪ್ರಾಣಗಣನೆಯಲ್ಲಿದೆ. ಏಕೇಂದ್ರಿಯ ಜೀವಕ್ಕೆ ನಾಲ್ಕು ಪ್ರಾಣಗಳು, ಸಂಜ್ಞಿಯಾದ ಪಂಚೇಂದ್ರಿಯಕ್ಕೆ ಹತ್ತು. ಎಲ್ಲಕ್ಕೂ ಮಿಗಿಲಾಗಿ, ಹಿಂಸೆಯು ಮುಖ್ಯವಾಗಿ ಕೊಲ್ಲುವವನ ರಾಗಾದಿಭಾವಗಳಲ್ಲಿದೆಯೇ ಹೊರತು ಸತ್ತವುಗಳ ಸಂಖ್ಯೆಯಲ್ಲಿ ಅಲ್ಲ. ಗೃಹಸ್ಥನು ಅಗತ್ಯವಾದ ಅಲ್ಪ ಸ್ಥಾವರಹಿಂಸೆಯನ್ನು ಮಾಡದೆ ಜೀವಿಸಲಾರನು. ಅದಕ್ಕಿಂತ ಹೆಚ್ಚಿನದನ್ನು ಮಾಡಕೂಡದೆಂಬುದು ಈತನ ನಿಯಮ.

ಭಾವಕ್ಕೆ ಕೊಟ್ಟ ಈ ಪ್ರಾಧಾನ್ಯವು ಕನ್ನಡಿಗರಿಗೆ ಅಪರಿಚಿತವಲ್ಲ. ಕ್ರಿ. ಶ. 1209ರಲ್ಲಿ ಜನ್ನನು ರಚಿಸಿದ ಯಶೋಧರಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನೂ ಆತನ ತಾಯಿ ಚಂದ್ರಮತಿಯೂ ನವಿಲು ನಾಯಿಗಳಾಗಿ ಹುಟ್ಟಿ ಭವಭವಗಳಲ್ಲಿ ತೊಳಲುತ್ತಾರೆ. ಸತ್ತ ಪ್ರಾಣಿಗಳ ಸಂಖ್ಯೆ ಇಲ್ಲಿ ಸೊನ್ನೆ; ಸಂಕಲ್ಪವೊಂದೇ ಉಂಟು. ಮಾಧ್ವಸಂಪ್ರದಾಯದವರು ಯಜ್ಞದಲ್ಲಿ ಪಿಷ್ಟಪಶುವನ್ನು ಅಂಗೀಕರಿಸಿದುದು ಇದೇ ನಾಡಿನಲ್ಲಿಯೇ. ಒಂದು ಸಮಯದವರು ಹಿಂಸೆಯೆಂದು ಎಣಿಸಿದ ಹಿಟ್ಟಿನ ಪ್ರತಿಮೆಯನ್ನೇ ಇನ್ನೊಂದು ಸಮಯದವರು ಹಿಂಸೆಯ ನಿವಾರಣೆಗಾಗಿ ಬಳಸಿದರೆಂಬುದು ಸ್ವಾರಸ್ಯವಾಗಿದೆ.

ಕೃಷಿಯ ವಿಷಯದಲ್ಲಿ ಕರ್ಣಾಟಕದ ಜೈನರು ಹಿಡಿದ ಮಾರ್ಗವು ಮಧ್ಯಮವಾದದ್ದು. ರಾಷ್ಟ್ರಕೂಟ ಅಮೋಘವರ್ಷನಿಗೆ ಪೂಜ್ಯನಾಗಿದ್ದ ಜಿನಸೇನಾಚಾರ್ಯನ ಆದಿಪುರಾಣದಲ್ಲಿ ಪ್ರಥಮ ತೀರ್ಥಂಕರನಾದ ವೃಷಭನಾಥನೇ ಪ್ರಜೆಗಳಿಗೆ ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದನು. ಇನ್ನೊಂದು ಕಡೆ ಶ್ರಾವಕಾಚಾರ ಗ್ರಂಥಗಳಲ್ಲಿ ಹದಿನೈದು ಕ್ರೂರವೃತ್ತಿಗಳ ಪಟ್ಟಿಯುಂಟು. ಇದ್ದಲು ಸುಡುವುದು, ಕಾಡು ಕಡಿಯುವುದು, ಭೂಮಿಯನ್ನು ಅಗೆದೊಡೆಯುವುದು, ಪಶುಗಳ ಅಂಗಚ್ಛೇದ, ಕಾಡಿಗೆ ಬೆಂಕಿಯಿಡುವುದು, ಕೆರೆಕೊಳಗಳನ್ನು ಬತ್ತಿಸುವುದು ಇತ್ಯಾದಿ. ಈ ಪಟ್ಟಿಯನ್ನು ಒಬ್ಬೊಬ್ಬ ಪ್ರಾಣಿಯ ವಧೆಯ ದೃಷ್ಟಿಯಿಂದ ಮಾತ್ರ ಓದಿದರೆ ಅದರ ಸ್ವಾರಸ್ಯವು ತಪ್ಪಿಹೋಗುತ್ತದೆ. ಕಾಡು, ಕೆರೆ, ನೆಲ ಇವು ಜೀವಿಗಳ ನೆಲೆಗಳು. ನೆಲೆಯನ್ನು ಕೆಡಿಸುವವನನ್ನು ಪಟ್ಟಿ ಮಾಡಿದವರು ಬೇರೆಯಾಗಿಯೇ ಗುರುತಿಸಿದ್ದಾರೆ. ಇಂದಿನವರು ಪರಿಸರನಾಶವೆನ್ನುವುದಕ್ಕೆ ಪ್ರಾಚೀನರ ಗ್ರಂಥಗಳಲ್ಲಿ ಇದಕ್ಕಿಂತ ಸಮೀಪದ ಭಾವನೆಯು ದೊರೆಯುವುದು ಅಪೂರ್ವ.

ಇನ್ನು ಹಾಲಿನ ವಿಚಾರ. ಮಾಂಸವನ್ನು ಬಿಟ್ಟವನು ಹಾಲನ್ನೇಕೆ ಕುಡಿಯಬೇಕು, ಎರಡೂ ಪಶುವಿನ ದೇಹದಿಂದಲೇ ಬಂದುವಲ್ಲವೆ ಎಂಬ ಆಕ್ಷೇಪವು ಇಂಗ್ಲೆಂಡಿನಲ್ಲಿ ಪಂಥವಾಗಿ ರೂಪುಗೊಂಡುದು 1944ರಲ್ಲಿ. ಡೊನಾಲ್ಡ್ ವಾಟ್ಸನ್ ಮತ್ತು ಆತನ ಸಂಗಡಿಗರು, 1847ರಲ್ಲಿ ಹುಟ್ಟಿದ್ದ ಸಸ್ಯಾಹಾರಿ ಸಂಘದ ಪತ್ರಿಕೆಯಲ್ಲಿ ಕ್ಷೀರವರ್ಜಿಗಳಿಗೆ ಪ್ರತ್ಯೇಕ ಸ್ಥಳವನ್ನು ಕೇಳಿ, ದೊರೆಯದಿರಲು, ಆ ವರ್ಷದ ನವೆಂಬರಿನಲ್ಲಿ ವೀಗನ್ ಸೊಸೈಟಿಯನ್ನು ಸ್ಥಾಪಿಸಿದರು. ಆದರೆ ಆಕ್ಷೇಪವು ಅದಕ್ಕಿಂತ ಸಾವಿರ ವರ್ಷ ಹಿರಿಯದು. ಕ್ರಿ. ಶ. 959ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನು ಮೇಲ್ಪಾಟಿಯಲ್ಲಿ ಬೀಡುಬಿಟ್ಟಿದ್ದಾಗ, ಗಂಗಧಾರೆಯಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿಯು ಅದನ್ನು ಎತ್ತಿಕೊಂಡು ಸಮಾಧಾನ ಹೇಳಿದ್ದಾನೆ. ಕಾರಣವು ಒಂದೇ ಆದರೂ ವಸ್ತುಗಳ ಸ್ವಭಾವವು ವಿಚಿತ್ರವಾದದ್ದು. ಸರ್ಪದ ರತ್ನವು ವಿಷವನ್ನು ಕಳೆಯುತ್ತದೆ, ಅದೇ ಸರ್ಪದ ವಿಷವು ಕೊಲ್ಲುತ್ತದೆ. ವಿಷವೃಕ್ಷದ ಎಲೆಯು ಆಯುಸ್ಸಿಗೆ, ಬೇರು ಮರಣಕ್ಕೆ. ಹಾಗೆಯೇ ಹಾಲು ಗ್ರಾಹ್ಯ, ಮಾಂಸ ತ್ಯಾಜ್ಯ ಎಂಬುದು ಆತನ ಸಮಾಧಾನ.

ಸೋಮದೇವನಂತಹ ತಾರ್ಕಿಕನಿಗೆ ಈ ಸಮಾಧಾನವು ತಕ್ಕದ್ದಲ್ಲ. ದೃಷ್ಟಾಂತಗಳು ಸುಂದರವಾಗಿವೆಯೇ ಹೊರತು, ಅವು ಶುದ್ಧಿಯನ್ನು ಕುರಿತು ಮಾತನಾಡುತ್ತವೆ. ಆಕ್ಷೇಪವಾದರೋ ಹಿಂಸೆಯನ್ನು ಕುರಿತದ್ದು. ಕರುವಿನ ಮಾತೇ ಇಲ್ಲಿಲ್ಲ. ಕರುವನ್ನು ನೆನೆದವರು ಸ್ಮೃತಿಕಾರರು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ, ಈದು ಹತ್ತು ದಿನಗಳಾಗದ ಹಸುವಿನ ಹಾಲನ್ನೂ ಕರುವಿಲ್ಲದ ಹಸುವಿನ ಹಾಲನ್ನೂ ವರ್ಜ್ಯವೆಂದು ಹೇಳಿದೆ. ಈ ನಿಷೇಧಕ್ಕೆ ಶೌಚವೇ ಮೂಲವೆಂದು ಹೇಳುವುದು ವಾಡಿಕೆ. ಮೂಲವು ಏನೇ ಇರಲಿ, ಅದರ ಫಲವು ಸ್ಪಷ್ಟ: ಕರು ಬದುಕಿರುವ ವರೆಗೆ ಮಾತ್ರ ಹಾಲಿಗೆ ಮನುಷ್ಯನ ಹಕ್ಕು. ಕೌಟಿಲ್ಯನ ಅರ್ಥಶಾಸ್ತ್ರದ ಗೋಽಧ್ಯಕ್ಷಪ್ರಕರಣವು ಇನ್ನೂ ಮುಂದೆ ಹೋಗುತ್ತದೆ. ವರ್ಷಾ ಶರತ್ ಹೇಮಂತಗಳಲ್ಲಿ ಎರಡು ಹೊತ್ತು ಕರೆಯಬಹುದು. ಶಿಶಿರ ವಸಂತ ಗ್ರೀಷ್ಮಗಳಲ್ಲಿ ಒಂದೇ ಹೊತ್ತು. ಆ ಋತುಗಳಲ್ಲಿ ಎರಡನೆಯ ಸಲ ಕರೆದವನಿಗೆ ಹೆಬ್ಬೆರಳು ಕತ್ತರಿಸುವ ಶಿಕ್ಷೆ. ಕೌಟಿಲ್ಯನು ದಯಾಳುವೆಂದು ಯಾರೂ ಹೇಳಲಾರರು. ಮೇವು ಕಡಮೆಯಾದ ಕಾಲದಲ್ಲಿ ಕರುವಿನ ಪಾಲನ್ನು ಕಸಿದರೆ ಮುಂದೆ ಎತ್ತು ದೊರೆಯದೆಂಬ ಲೆಕ್ಕವೇ ಇದರ ಹಿಂದಿರಬೇಕು.

ಇದೇ ಗ್ರಂಥದ ಭೂಮಿಚ್ಛಿದ್ರವಿಧಾನವೆಂಬ ಪ್ರಕರಣವು ಪ್ರಕೃತವಿಷಯಕ್ಕೆ ಬಹಳ ಮುಖ್ಯವಾದದ್ದು. ಉಳುವುದಕ್ಕೆ ಬಾರದ ನೆಲದಲ್ಲಿ ಪಶುಗಳಿಗೆ ವಿವೀತಗಳನ್ನು, ಎಂದರೆ ಗೋಮಾಳಗಳನ್ನು, ಮಾಡಿಕೊಡಬೇಕೆಂದು ಅಲ್ಲಿ ವಿಧಿಸಿದೆ. ಹಸ್ತಿತಾಪಸರಿಂದ ಅಮೃತಚಂದ್ರನ ವರೆಗೆ ಎಲ್ಲರೂ ಸಾಯುವ ಜೀವಿಗಳನ್ನು ನೋಡಿದರು. ನೆಲವನ್ನು ನೋಡಿ, ಯಾವ ನೆಲವು ನೇಗಿಲಿಗೆ, ಯಾವುದು ಗೊರಸಿಗೆ ಎಂದು ವಿಂಗಡಿಸಿದುದು ಅರ್ಥಶಾಸ್ತ್ರ.

ಈಗ 2003ರ ಪ್ರಸಂಗಕ್ಕೆ ಬರಬಹುದು. ಆ ವರ್ಷ ಅಮೆರಿಕದ ಆರಿಗಾನ್ ಪ್ರಾಂತದ ಸ್ಟೀವನ್ ಡೇವಿಸ್ ಎಂಬ ಪಶುವಿಜ್ಞಾನಿಯು, ಉಳುವಾಗಲೂ ಕೊಯ್ಯುವಾಗಲೂ ಹೊಲದ ಇಲಿ ಮೊದಲಾದ ಪ್ರಾಣಿಗಳು ಸಾಯುವುದನ್ನು ಎತ್ತಿ ತೋರಿಸಿ, ಬೆಳೆಯ ನೆಲದಲ್ಲಿ ಹೆಕ್ಟೇರಿಗೆ ವರ್ಷದಲ್ಲಿ 15 ಪ್ರಾಣಿಗಳೂ ಹುಲ್ಲುಗಾವಲಿನಲ್ಲಿ 7.5 ಪ್ರಾಣಿಗಳೂ ಸಾಯುವುವೆಂದು ಅಂದಾಜು ಮಾಡಿ, ಹುಲ್ಲು ಮೇಯುವ ದೊಡ್ಡ ಪಶುಗಳ ಮಾಂಸವನ್ನು ಕೂಡಿದ ಆಹಾರವೇ ಅತ್ಯಲ್ಪ ಹಿಂಸೆಯದೆಂದು ವಾದಿಸಿದನು. ಆನೆಯ ಸ್ಥಾನದಲ್ಲಿ ದನವನ್ನಿಟ್ಟರೆ ಇದು ಗಂಗಾತೀರದ ವಾದವೇ. ಅದೇ ವರ್ಷದಲ್ಲಿಯೇ ಗ್ಯಾವೆರಿಕ್ ಮೆಥೆನಿ ಎಂಬುವನು ಉತ್ತರ ಕೊಟ್ಟನು: ಹೆಕ್ಟೇರಿನ ಲೆಕ್ಕವು ಸಲ್ಲದು, ಅಷ್ಟೇ ನೆಲದ ಬೆಳೆಯು ಹುಲ್ಲುಗಾವಲಿಗಿಂತ ಬಹು ಮಂದಿಗೆ ಆಹಾರ ಕೊಡುವುದರಿಂದ, ಆಹಾರದ ಪ್ರಮಾಣಕ್ಕೆ ಹೋಲಿಸಿದಲ್ಲಿ ಸಸ್ಯಾಹಾರದಿಂದಲೇ ಸಾವು ಕಡಮೆ. ಆರ್ದ್ರಕನು ಎಣಿಕೆಯನ್ನು ತಿರಸ್ಕರಿಸಿದನು. ಮೆಥೆನಿಯು ಎಣಿಕೆಯನ್ನು ಎಣಿಕೆಯಿಂದಲೇ ಗೆದ್ದನು. ಹಸ್ತಿತಾಪಸರ ಪರವಾಗಿ ಒಂದು ಮಾತನ್ನು ಮಾತ್ರ ಹೇಳಬೇಕು. ಅವರ ಆನೆಯು ಕಾಡಿನಲ್ಲಿ ತಾನಾಗಿ ಬೆಳೆದದ್ದನ್ನು ತಿಂದು ಬೆಳೆದುದು. ಅದಕ್ಕಾಗಿ ಯಾರೂ ನೇಗಿಲು ಹೂಡಲಿಲ್ಲ. ಇಂದು ಅನೇಕ ದೇಶಗಳಲ್ಲಿ ಕೊಟ್ಟಿಗೆಯಲ್ಲಿ ಕೂಡಿಹಾಕಿ ಮೆಕ್ಕೆಜೋಳ ಸೋಯಾಗಳನ್ನು ತಿನ್ನಿಸಿ ಬೆಳೆಸುವ ಪಶುವಿನಲ್ಲಿ ನೇಗಿಲಿನ ಹಿಂಸೆಯೂ ಕತ್ತಿಯ ಹಿಂಸೆಯೂ ಕೂಡಿಕೊಳ್ಳುತ್ತವೆ. ತಾಪಸರ ವಾದವು ಅಂತಹ ಪಶುವಿಗೆ ಎಳ್ಳಷ್ಟೂ ಅನ್ವಯಿಸದು.

ನೆಲದ ಲೆಕ್ಕವೂ ಹೀಗೆಯೇ ಎರಡು ಮುಖಗಳುಳ್ಳದ್ದು. 2018ರಲ್ಲಿ ಪೂರ್ ಮತ್ತು ನೆಮೆಸೆಕ್ ಎಂಬ ವಿದ್ವಾಂಸರು 119 ದೇಶಗಳ ಸುಮಾರು 38,700 ಹೊಲಗಳ ಅಂಕಿಗಳನ್ನು ಕೂಡಿಸಿ, ಜಗತ್ತಿನ ವ್ಯವಸಾಯಭೂಮಿಯ ನೂರಕ್ಕೆ 83 ಭಾಗವನ್ನು ಮಾಂಸ ಕ್ಷೀರಾದಿ ಪದಾರ್ಥಗಳು ಬಳಸಿಕೊಂಡು ಆಹಾರಶಕ್ತಿಯಲ್ಲಿ ನೂರಕ್ಕೆ 18 ಭಾಗವನ್ನು ಮಾತ್ರ ಕೊಡುವುವೆಂದು ತೋರಿಸಿದರು. ಅದಕ್ಕೆ ಒಂದು ವರ್ಷ ಮೊದಲು, 2017ರಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ವ್ಯವಸಾಯ ಸಂಸ್ಥೆಯ ವಿದ್ವಾಂಸರು ಪಶುಗಳು ತಿನ್ನುವ ಒಣಮೇವಿನ ತೂಕದಲ್ಲಿ ನೂರಕ್ಕೆ 86 ಭಾಗವು ಮನುಷ್ಯರು ತಿನ್ನಲಾಗದ್ದೆಂದೂ, ಪಶುಗಳು ಮೇಯುವ ಸುಮಾರು 200 ಕೋಟಿ ಹೆಕ್ಟೇರ್ ಹುಲ್ಲುನೆಲದಲ್ಲಿ ಬಹುಭಾಗವು ಉಳುಮೆಗೆ ಬಾರದ್ದೆಂದೂ ಲೆಕ್ಕ ಕೊಟ್ಟಿದ್ದರು. ವಾದಿಗಳು ಒಂದೊಂದು ಪಕ್ಷದವರು ಒಂದೊಂದು ಅಂಕಿಯನ್ನು ಹಿಡಿದು ಹೋರಾಡುತ್ತಾರೆ. ಇವೆರಡಕ್ಕೂ ವಿರೋಧವಿಲ್ಲ. ಉಳಲಾಗದ ನೆಲದಲ್ಲಿ ದನ ಮೇಯುವುದೂ ನಿಜ. ಉಳತಕ್ಕ ನೆಲದಲ್ಲಿ ದನಕ್ಕಾಗಿ ಕಾಳು ಬೆಳೆಯುತ್ತಿರುವುದೂ ನಿಜ. ಇದಲ್ಲದೆ ಮೆಲುಕು ಹಾಕುವ ಪಶುಗಳ ಉಸಿರಿನಲ್ಲಿ ಹೊರಬೀಳುವ ಮೀಥೇನ್ ಅನಿಲದ ವಿಚಾರವೊಂದುಂಟು. ಭೂಮಿಯನ್ನು ಕಾಯಿಸುವ ಮಾನವಕೃತ ಅನಿಲಗಳಲ್ಲಿ ಪಶುಪಾಲನೆಯ ಪಾಲು ನೂರಕ್ಕೆ 14.5 ಎಂದು ಅದೇ ಸಂಸ್ಥೆಯು 2013ರಲ್ಲಿ ಅಂದಾಜು ಮಾಡಿತು. ಪ್ರಾಚೀನರ ಯಾವ ಪಟ್ಟಿಯಲ್ಲಿಯೂ ಇದಕ್ಕೆ ಸ್ಥಾನವಿರಲು ಸಾಧ್ಯವಿಲ್ಲ.

ಕೌಟಿಲ್ಯನ ವಿಂಗಡಣೆಯು ಕಾರ್ಯರೂಪಕ್ಕೆ ಬಂದುದಕ್ಕೆ ಮೈಸೂರು ಸೀಮೆಯ ಅಮೃತಮಹಲ್ ಕಾವಲುಗಳು ಉತ್ತಮ ನಿದರ್ಶನ. ಚಿಕ್ಕದೇವರಾಜ ಒಡೆಯರ (1673-1704) ಕಾಲದಲ್ಲಿ ಬೆಣ್ಣೆಚಾವಡಿಯೆಂಬ ಹೆಸರಿನಿಂದಿದ್ದ ಈ ಇಲಾಖೆಗೆ ಅಮೃತಮಹಲ್ ಎಂಬ ಹೆಸರನ್ನು ಕೊಟ್ಟವನು ಟಿಪ್ಪು ಸುಲ್ತಾನ. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಹುಲ್ಲುನೆಲಗಳನ್ನು ಋತುಭೇದದಿಂದ ವಿಂಗಡಿಸಿ, ಹಿಂಡುಗಳನ್ನು ಒಂದರಿಂದ ಒಂದಕ್ಕೆ ಅಟ್ಟಿಕೊಂಡು ಹೋಗುವ ಪದ್ಧತಿಯಿದ್ದಿತು. ಬೇಸಿಗೆಯಲ್ಲಿಯೂ ನೀರು ನೆರಳುಗಳಿರುವ ಕೆರೆಯಂಗಳದ ಕಾವಲುಗಳಿಗೆ ಬೆಲೆ ಹೆಚ್ಚು. ಈ ತಳಿಯ ಹಸುಗಳು ಕೊಡುವ ಹಾಲು ಸ್ವಲ್ಪ. ಕರುವು ಎದುರಿಗಿಲ್ಲದೆ ಅದನ್ನೂ ಕೊಡವು. ಬೆಣ್ಣೆಯ ಹೆಸರಿದ್ದರೂ ಇಲಾಖೆಯ ಮುಖ್ಯ ಪ್ರಯೋಜನವು ಫಿರಂಗಿಯನ್ನೂ ದಂಡಿನ ಸಾಮಾನನ್ನೂ ಎಳೆಯುವ ಎತ್ತುಗಳೇ. ಹೀಗಾಗಿ ಗಂಡುಕರುವೇ ಇಲ್ಲಿ ಐಶ್ವರ್ಯ. 1799ರ ಅನಂತರ ಇಂಗ್ಲಿಷರ ವಶಕ್ಕೆ ಬಂದ ಹಿಂಡುಗಳನ್ನು 1860ರಲ್ಲಿ ಖರ್ಚು ಕಡಮೆ ಮಾಡುವ ನೆಪದಿಂದ ಮಾರಿಬಿಟ್ಟು, ತಕ್ಕ ಎತ್ತುಗಳು ದೊರೆಯದೆ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಹಿಂಡನ್ನು ಆರು ವರ್ಷಗಳಲ್ಲಿ ಮತ್ತೆ ಕಟ್ಟಲಾಯಿತು. ಕಾವಲುಗಳು ಹಾಗಲ್ಲ. ಲಕ್ಷಗಟ್ಟಲೆ ಎಕರೆಗಳಿದ್ದವು ಇಪ್ಪತ್ತನೆಯ ಶತಮಾನದಲ್ಲಿ ಉಳುಮೆಗೂ ಇತರ ಕೆಲಸಗಳಿಗೂ ತುಂಡುತುಂಡಾಗಿ ಹೋದುವು. ಚಳ್ಳಕೆರೆಯ ಬಳಿ ಸುಮಾರು 10,000 ಎಕರೆ ಕಾವಲು ಪ್ರದೇಶವನ್ನು ಈ ಶತಮಾನದ ಆರಂಭದ ವರ್ಷಗಳಲ್ಲಿ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮುಂತಾದ ಸಂಸ್ಥೆಗಳಿಗೆ ವಹಿಸಿದಾಗ, ಸುತ್ತಣ ಹಳ್ಳಿಗಳ ಕುರಿಗಾಹಿಗಳು ಎಬ್ಬಿಸಿದ ವಿವಾದವು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ವರೆಗೂ ಹೋಯಿತು. ಕಾವಲನ್ನೇ ನೆಲೆಯಾಗಿ ಉಳ್ಳ ಕೃಷ್ಣಮೃಗಕ್ಕೂ ಎರಲಾಡು ಹಕ್ಕಿಗೂ ಅಲ್ಲಿ ವಕೀಲರು ಬೇಕಾದರು.

ಗಂಡುಕರುವಿನ ಸ್ಥಿತಿಯೂ ಇದರ ಜೊತೆಗೆ ಬದಲಾಗಿದೆ. ಎತ್ತು ಬೇಕಾಗಿದ್ದ ಕಾಲದಲ್ಲಿ ಹಾಲೂ ಕರುವೂ ಒಂದೇ ವ್ಯವಸ್ಥೆಯ ಎರಡು ಫಲಗಳಾಗಿದ್ದುವು. ಸೋಮದೇವನು ಕರುವಿನ ಮಾತೆತ್ತದೆ ಹಾಲನ್ನು ಸಮರ್ಥಿಸಲು ಸಾಧ್ಯವಾದುದು ಪ್ರಾಯಶಃ ಇದರಿಂದಲೇ. ಟ್ರಾಕ್ಟರು ಬಂದ ಮೇಲೆ ಹೆಣ್ಣುಕರುವು ಮಾತ್ರ ಬೇಕಾಯಿತು. ಭಾರತದ ಜಾನುವಾರು ಗಣತಿಯ ಪ್ರಕಾರ 2012ರಲ್ಲಿ ದನಗಳಲ್ಲಿ ಗಂಡಿನ ಸಂಖ್ಯೆ ಸುಮಾರು 6.8 ಕೋಟಿ, 2019ರಲ್ಲಿ ಸುಮಾರು 4.7 ಕೋಟಿ. ಅದೇ ಅವಧಿಯಲ್ಲಿ ಹೆಣ್ಣಿನ ಸಂಖ್ಯೆ ಸುಮಾರು 12.3 ಕೋಟಿಯಿಂದ 14.5 ಕೋಟಿಗೆ ಏರಿತು. ಹಸುವು ಗಂಡನ್ನೂ ಹೆಣ್ಣನ್ನೂ ಸಮವಾಗಿ ಈಯುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಈ ಎರಡು ಸಂಖ್ಯೆಗಳ ನಡುವಣ ಅಂತರದಲ್ಲಿರುವ ಕರುಗಳನ್ನು ಕುರಿತು ಕೇಳುವ ವೀಗನ್ ಪಂಥದವರಿಗೆ ಸರ್ಪರತ್ನದ ದೃಷ್ಟಾಂತವು ಸಾಲದು.